ನೆರಳಿಗೊಂದು ಬಣ್ಣ, ಬೆಳಕಿಗೊಂದು ಬಣ್ಣ

ಫೋಟೋ ಸ್ಟುಡಿಯೋ ಇಟ್ಟುಕೊಂಡವನು ಫಜೀತಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಾಗಿಲು ತೆಗೆಯುವ ಮುಂಚೆಯೇ ಅದು ಬಂದು ಕಟ್ಟೆಯ ಮೇಲೆ ಕೂತಿರುತ್ತದೆ. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ಸೇಡಂನ ನನ್ನ ಅಂಗಡಿಗೆ ಕಂಪ್ಯೂಟರ್ ಬಂದ ಹೊಸತು.

ಚಹಾ ತಂದವಳು

ಪಕ್ಕದ ಮನೆಯ ಮಾಸ್ತರರು ವರನ ಕಡೆಗೆ ಕಳಿಸಲು ಮಗಳ ಫೋಟೋ ತೆಗೆಸಿದರು. ಹುಡುಗಿ ಕಪ್ಪು, ಆದರೆ ಲಕ್ಷಣವಂತೆ. ಯಾರೂ ಕೇಳದಿದ್ದರೂ ನಾನೇ ಶಾಣ್ಯಾತನ ಮಾಡಿ ಅವಳನ್ನು ಹಾಲಿನಂತೆ ಬೆಳ್ಳಗೆ ಮಾಡಿಕೊಟ್ಟೆ. ಶಹಾಬಾದಿನಿಂದ ಹುಡುಗನ ಕಡೆಯವರು ಬಂದರು. ಅವಳೇ ಎಲ್ಲರಿಗೂ ಚಹಾ ಕೊಟ್ಟಳು. ಹುಡುಗನ ತಾಯಿ ಕುಡಿದು ಮುಗಿಸಿ, "ಚಹಾ ಛಲೋ ಆಗ್ಯದ. ಇನ್ನ ಹುಡುಗಿನ್ನ ಕರೀರಿ" ಅಂದರು.

ಆ ಸಂಬಂಧ ಅಲ್ಲಿಗೇ ನಿಂತಿತು. ಮರುದಿನ ಹುಡುಗಿ ಅಂಗಡಿಗೆ ಬಂದಳು.

"ಕಾಕಾ, ಇನ್ನೊಂದು ಫೋಟೋ ತೆಗೀರಿ. ನಾ ಹೆಂಗದೀನೋ ಹಂಗೇ ಛಂದ ಕಾಣಬೇಕು. ಆಗಂಗಿಲ್ಲಂದ್ರ ಹೇಳ್ರಿ, ಚಿತ್ತಾಪುರದ ಸ್ಟುಡಿಯೋಕ್ಕ ಹೋಗ್ತೀನಿ."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. "ಒಂದು ತಿಂಗಳು ಟೈಮ್ ಕೊಡವ್ವಾ" ಅಂದೆ.

ವಾಡಿಯ ಮೀಸೆ

ಸ್ಪ್ಲಿಟ್ ಟೋನಿಂಗ್ ಎಂಬ ವಿದ್ಯೆಯೊಂದಿದೆ: ಫೋಟೋದ ಬೆಳಕಿಗೆ ಒಂದು ಬಣ್ಣ, ನೆರಳಿಗೆ, ಅಂದರೆ ಕಪ್ಪಗಿರುವ ಕಡೆಗೆಲ್ಲ, ಇನ್ನೊಂದು. ಬೆಳಕಿಗೆ ತುಸು ಬಂಗಾರದ ಛಾಯೆ ಕೊಟ್ಟರೆ ಕಪ್ಪು ಮುಖಕ್ಕೆ ಕಳೆ ಬರುತ್ತದೆ ಎಂದು ಓದಿದ್ದೆ. ಕಲಿತೇ ತೀರಬೇಕೆಂದು ಪಟ್ಟು ಹಿಡಿದೆ. ಮೊದಲು ಕೈಗೆ ಸಿಕ್ಕವರು ವಾಡಿಯ ರಿಟೈರ್ಡ್ ರೈಲ್ವೆ ಗಾರ್ಡ್; ಪೊದೆಯಂಥ ಬಿಳಿ ಮೀಸೆ. ಬೆಳಕಿಗೆ ಧಾರಾಳವಾಗಿ ಕೇಸರಿ ಎಳೆದು ಕಳಿಸಿದೆ.

ಮೂರನೇ ದಿನ ಫೋಟೋ ಹಿಡಿದುಕೊಂಡು ಬಂದರು. "ಮೀಸಿಗಿ ಮೆಹಂದಿ ಹಚ್ಚೀರಲ್ರಿ! ಈ ವಯಸ್ಸಿನ್ಯಾಗ ಯಾರ ಸಲುವಾಗಿ ಅಂತ ನಮ್ಮಾಕಿ ಕೇಳಾಕತ್ತಾಳ."

"ತಪ್ಪಾತ್ರಿ. ಬಿಳಿ ಮಾಡಿ ಕೊಡ್ತೀನಿ."

"ಬ್ಯಾಡ್ರಿ. ಭಾಳ ವರ್ಷದ ಮ್ಯಾಲ ನನ್ನ ಮ್ಯಾಲ ಸಂಶಯ ಪಟ್ಟಾಳ. ಇನ್ನೆರಡು ಕಾಪಿ ತೆಗೀರಿ."

ಕಾಳಗಿಯವರ ಪ್ರಶ್ನೆ

ನಾನು ಬಿಡಲಿಲ್ಲ. ಬೆಳಕು ಎಲ್ಲಿ ಮುಗಿದು ನೆರಳು ಎಲ್ಲಿ ಶುರುವಾಗಬೇಕು ಎಂದು ಹೇಳುವ ಬ್ಯಾಲೆನ್ಸ್ ಎಂಬ ಇನ್ನೊಂದು ಗುಂಡಿ ಕಂಪ್ಯೂಟರಿನಲ್ಲಿತ್ತು. ಅದನ್ನು ಹಿಂದೆ ಮುಂದೆ ಎಳೆದೆಳೆದು ಇಪ್ಪತ್ತು ದಿನ ಕಳೆದೆ. ಹುಡುಗಿಯನ್ನು ಮಾಸ್ತರರ ಮನೆ ಹಿಂದಿನ ಹೊಲದಲ್ಲಿ ನಿಲ್ಲಿಸಿ ಫೋಟೋ ತೆಗೆದೆ. ಮುಖಕ್ಕೆ ಚೂರೇ ಚೂರು ಬಂಗಾರ, ನೆರಳಿಗೆ ಹಸಿರು. ನೋಡಿದವಳು "ಇದು ನಾನೇ ಕಾಕಾ" ಅಂದಳು. ನನಗೆ ಅಷ್ಟು ಖುಷಿ ಯಾವ ಆಲ್ಬಮ್ಮಿನಿಂದಲೂ ಆಗಿರಲಿಲ್ಲ.

ಈ ಸಲ ಹುಡುಗಿ ನೋಡಲು ಬಂದವರು ಕಾಳಗಿ ಊರಿನವರು. ಮಾಸ್ತರರು ನನ್ನನ್ನೂ ಕರೆದಿದ್ದರು. ಜೀವ ಕೈಯಲ್ಲಿ ಹಿಡಿದು ಮೂಲೆಯಲ್ಲಿ ಕೂತೆ. ಹುಡುಗನ ತಾಯಿ ಫೋಟೋ ನೋಡಿದರು, ಹುಡುಗಿಯನ್ನು ನೋಡಿದರು. "ಹೆಂಗದಾಳೋ ಹಂಗೇ ಬಂದದ" ಅಂದರು. ಹುಡುಗನೂ ನಕ್ಕು ತಲೆಯಾಡಿಸಿದ. ಹುಡುಗನ ತಂದೆ ಮಾತ್ರ ಫೋಟೋ ಹಿಡಿದು ಎದ್ದು ಹಿತ್ತಲ ಬಾಗಿಲಿಗೆ ಹೋಗಿ, ಹೊರಗೆ ನೋಡಿ, ಹಾಗೇ ವಾಪಸ್ ಬಂದರು.

"ಹುಡುಗಿ ಖರೆ ಅದಾಳ್ರಿ. ಈ ಹಸರು ಹೊಲ ಎಲ್ಲದ?"

ಹಿತ್ತಲಾಚೆ ತೊಗರಿ ಕೊಯ್ದ ಬರೀ ಕರಿ ಮಣ್ಣು. ಮಣ್ಣು ಕಪ್ಪಲ್ಲವೇ, ನೆರಳಿಗೆ ಕೊಟ್ಟ ಹಸಿರನ್ನೆಲ್ಲ ಅದೇ ಹೀರಿಕೊಂಡು ಫೋಟೋದಲ್ಲಿ ಬೆಳೆಯಂತೆ ಕಂಡಿತ್ತು; ಮುಖವನ್ನಷ್ಟೇ ನೋಡಿದ ನಾನು ಗಮನಿಸಿರಲಿಲ್ಲ! ಮಾಸ್ತರರ ಮುಖ ಬಿಳಿಚಿತು. ಸಂಬಂಧ ಮತ್ತೆ ನನ್ನಿಂದಲೇ ಕೆಟ್ಟಿತು ಎಂದುಕೊಂಡೆ. ಆದರೆ ಹುಡುಗಿ ಹಿಂಜರಿಯದೆ, "ಅದು ಕಾಕಾ ಬೆಳದ ಬೆಳಿರಿ, ಕಂಪ್ಯೂಟರಿನ್ಯಾಗ. ನಮ್ದು ಒಣ ಹೊಲ" ಅಂದುಬಿಟ್ಟಳು.

ಹುಡುಗನ ತಂದೆ ಫೋಟೋ ಕೆಳಗಿಟ್ಟರು. "ಖರೆ ಮಾತಾಡ್ತಾಳ. ನಮಗ ಒಪ್ಪಿಗಿ ಅದ" ಎಂದರು. ಆಮೇಲೆ ನನ್ನ ಪಕ್ಕಕ್ಕೆ ಸರಿದು ಕೂತು, ದನಿ ತಗ್ಗಿಸಿದರು.

"ನೀವು ಒಂದ್ಸಲ ಕಾಳಗಿಗಿ ಬರ್ರಿ. ನಮ್ಮ ಹೊಲದ್ದೂ ಹಿಂಗೇ ಒಂದು ಫೋಟೋ ತೆಗೀರಿ. ಬೋರ್‌ವೆಲ್ ಹೊಡಸೋ ಖರ್ಚರೆ ತಪ್ತದ."