ಎದುರಾಳಿ ಗೌರವ ಕಚೇರಿಯ ಏಳನೆಯ ನಿಯಮ

ಗ್ರ್ಯಾಂಟ್‌ಫೋರ್ಡ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವು ಲೋವರ್ ಪೈನಿ ಕಾಲೇಜಿನ ತಂಡವನ್ನು ಇದುವರೆಗೆ ಹತ್ತೊಂಬತ್ತು ಸಲ ಎದುರಿಸಿದ್ದು, ಹತ್ತೊಂಬತ್ತು ಸಲವೂ ಗೆದ್ದಿದೆ. ಆದಕಾರಣ ಇಪ್ಪತ್ತನೆಯ ಪಂದ್ಯವು ಅತ್ಯಂತ ಅಪಾಯಕಾರಿಯಾದದ್ದೆಂದು ನವೆಂಬರ್ ತಿಂಗಳ ಮೂರನೆಯ ಸೋಮವಾರ ಬೆಳಿಗ್ಗೆ ಸುತ್ತೋಲೆ ಹೊರಟಿತು.

ಹೊರಡಿಸಿದ್ದು ಎದುರಾಳಿ ಗೌರವ ಕಚೇರಿ. ಅಮೆರಿಕದ ಅಲಬಾಮಾದಲ್ಲಿ, ಚೆಂಡು ಕೈಯಲ್ಲಿ ಹಿಡಿದು ಓಡುವ, ಹಿಡಿದವನನ್ನು ಕೆಡವುವ ಅಲ್ಲಿನ ಬಗೆಯ ಫುಟ್‌ಬಾಲ್ ಆಡಿಸುವ ಕಾಲೇಜುಗಳಿಗೆಲ್ಲ ಒಂದು ಭಯ ಇದ್ದೇ ಇದೆ. ತಮ್ಮ ಹುಡುಗ ಯಾವನಾದರೂ ಬಾಯಿ ಜಾರಿ ‘ಈ ವಾರ ಸುಲಭ’ ಅಂದುಬಿಟ್ಟರೆ, ಆ ಮಾತು ಪತ್ರಿಕೆಗೆ ಬಂದು, ಎದುರಾಳಿಗಳು ಅದನ್ನು ಕತ್ತರಿಸಿ ತಮ್ಮ ಕೋಣೆಯ ಗೋಡೆಗೆ ಅಂಟಿಸಿ, ನೋಡಿ ನೋಡಿ ರೋಷ ಉಕ್ಕಿ ಆಡಿಬಿಡುತ್ತಾರೆ ಎಂಬ ಭಯ. ಬೇರೆ ಕಾಲೇಜಿನವರು ಹುಡುಗರಿಗೆ ಬಾಯಿ ಮುಚ್ಚಿಕೊಂಡಿರಿ ಎಂದು ಹೇಳಿ ಸುಮ್ಮನಾಗುತ್ತಾರೆ. ಗ್ರ್ಯಾಂಟ್‌ಫೋರ್ಡ್‌ನವರು ಬಾಯಿ ಮುಚ್ಚಿಸಲು ಒಂದು ಕಚೇರಿ ತೆರೆದು, ಒಬ್ಬ ನಿರ್ದೇಶಕಿಯನ್ನೂ ಒಂಬತ್ತು ಮಂದಿ ಸಿಬ್ಬಂದಿಯನ್ನೂ ಕೂರಿಸಿದ್ದರು. ದೊಡ್ಡವರ ಮನೆಯ ಭಯವೂ ದೊಡ್ಡದೇ ಇರಬೇಕಲ್ಲ!

ಸುತ್ತೋಲೆಯ ಪ್ರಕಾರ ಆ ವಾರ ಯಾರೂ ‘ಗೆಲ್ಲುತ್ತೇವೆ’ ಎನ್ನುವಂತಿರಲಿಲ್ಲ, ‘ಆಡುತ್ತೇವೆ’ ಎನ್ನಬಹುದಿತ್ತು. ಊಟದ ಕೋಣೆಯಲ್ಲಿ ಲೋವರ್ ಪೈನಿಯ ಹೆಸರು ಕೇಳಿದಾಗ ನಗತಕ್ಕದ್ದಲ್ಲ. ಆ ವರ್ಷ ಒಂದು ಪಂದ್ಯವನ್ನೂ ಗೆಲ್ಲದಿದ್ದ ಅವರ ಕ್ವಾರ್ಟರ್‌ಬ್ಯಾಕನ್ನು, ಅಂದರೆ ಚೆಂಡು ಹಿಡಿದು ಆಟ ನಡೆಸುವವನನ್ನು, ‘ದೈತ್ಯ ಪ್ರತಿಭೆ’ ಎಂದೇ ಕರೆಯತಕ್ಕದ್ದು.

ಡ್ಯೂಯಿ ಹ್ಯಾಸ್ಕೆಟ್ ಸುತ್ತೋಲೆಯನ್ನು ಎರಡು ಸಲ ಓದಿದ. ಅವನು ನಾಲ್ಕನೆಯ ವರ್ಷದವನು. ಪ್ರತಿ ವಾರ ಅಭ್ಯಾಸದಲ್ಲಿ ಮುಂದಿನ ಎದುರಾಳಿಯ ಬಣ್ಣದ ಅಂಗಿ ತೊಟ್ಟು, ಅವರ ಕ್ವಾರ್ಟರ್‌ಬ್ಯಾಕಿನ ಹಾಗೆ ಆಡಿ, ಗ್ರ್ಯಾಂಟ್‌ಫೋರ್ಡಿನ ಘಟಾನುಘಟಿಗಳ ಕೈಲಿ ಕೆಡವಿಸಿಕೊಳ್ಳುವುದು ಅವನ ಕೆಲಸ. ಕಾಲೇಜಿನ ಸ್ವಂತ ಕೆಂಪು ಅಂಗಿಯಲ್ಲಿ ಮಾತ್ರ ಒಂದು ನಿಮಿಷವೂ ಆಡಿದವನಲ್ಲ. ಅವನಂಥವರನ್ನು ಮೈದಾನಕ್ಕೆ ಬಿಡುವುದು ತಂಡ ನಲವತ್ತು ಪಾಯಿಂಟ್ ಮುಂದಿದ್ದಾಗ. ಊರಿನ ಮೈದಾನದಲ್ಲಿ ಈ ವರ್ಷದ ಕೊನೆಯ ಪಂದ್ಯ ಇದೇ. ಅವನ ತಾಯಿ ಲೊರೀನ್ ಮೀನು ಕರಿಯುವ ಹೋಟೆಲಿನಲ್ಲಿ ಅಡುಗೆಯವಳು. ನಾಲ್ಕು ವರ್ಷದಲ್ಲಿ ಪಂದ್ಯ ನಡೆಯುವ ಒಂದು ಶನಿವಾರವೂ ಅವಳಿಗೆ ರಜ ಸಿಕ್ಕಿರಲಿಲ್ಲ, ಈ ಸಲ ಸಿಕ್ಕಿತ್ತು.

“ಆಡ್ತೀಯಲ್ಲ ಮಗನೇ?” ಎಂದು ಅವಳು ಫೋನಿನಲ್ಲಿ ಕೇಳಿದಳು.

“ನಲವತ್ತು ಪಾಯಿಂಟ್ ಮುಂದೆ ಹೋದ್ರೆ ಖಂಡಿತ ಅಮ್ಮ.”

“ಹೋಗ್ತಾರಾ?”

“ಅದನ್ನ ಹೇಳೋ ಹಾಗಿಲ್ಲ. ನಿಯಮ.”

“ಅಯ್ಯೋ, ನಿಯಮಕ್ಕೆ ಬೆಂಕಿ ಬೀಳ! ನಿನ್ನನ್ನ ಒಂದೇ ಒಂದ್ಸಲ ಕೆಂಪು ಅಂಗೀಲಿ ನೋಡ್ಬೇಕು ಕಣೋ. ಇನ್ನೇನೂ ಬೇಡ ನಂಗೆ.”

ಡ್ಯೂಯಿಗೂ ಇನ್ನೇನೂ ಬೇಕಿರಲಿಲ್ಲ.

ಮಂಗಳವಾರ ಅವನು ಲೋವರ್ ಪೈನಿಯ ಹಳದಿ ಅಂಗಿ ತೊಟ್ಟು ಅಭ್ಯಾಸಕ್ಕೆ ಇಳಿದ. ಚೆಂಡು ಕೈಗೆ ಬಂದು ಒಂದು ಉಸಿರು ಎಳೆಯುವಷ್ಟರಲ್ಲಿ ಒಡೆಲ್ ಎಂಬ ನೂರಮೂವತ್ತು ಕಿಲೋದ ಆಸಾಮಿ ಅವನ ಮೇಲೆ ಬಿದ್ದು ಹಪ್ಪಳ ಮಾಡಿದ. ಆಗ ಮೈದಾನದ ಅಂಚಿನಿಂದ ಗೌರವ ಕಚೇರಿಯ ನಿರ್ದೇಶಕಿ ವೆರ್ನಾ ಪಿಕರ್ಡ್ ಕಡತ ಹಿಡಿದುಕೊಂಡು ಒಳಗೆ ಬಂದರು.

“ದೈತ್ಯ ಪ್ರತಿಭೆಗೆ ಕೊಡೋ ಮರ್ಯಾದೆ ಇದೇನಾ?”

“ಮೇಡಂ, ಇವ್ನು ನಮ್ಮ ಡ್ಯೂಯಿ,” ಎಂದ ಒಡೆಲ್.

“ಈ ವಾರ ಅಲ್ಲ.”

ಅವರ ವಾದ ಸರಳವಾಗಿತ್ತು. ಹಳದಿ ಅಂಗಿಯವನು ಮುಟ್ಟಿದರೆ ಬೀಳುತ್ತಾನೆಂದಾದರೆ ಎದುರಾಳಿ ಸುಲಭ ಎಂಬ ಭಾವನೆ ಹುಡುಗರ ಮನಸ್ಸಿನಲ್ಲಿ ಬೇರೂರುತ್ತದೆ. ಬಾಯಿಂದ ಆಡಬಾರದ್ದನ್ನು ಕೈಯಿಂದ ಆಡಿದಂತಾಗುತ್ತದೆ. ಆದ್ದರಿಂದ ಏಳನೆಯ ನಿಯಮ: ಹಳದಿ ಅಂಗಿಯವನ ಮೇಲೆ ಎಲ್ಲರೂ ಪೂರ್ಣ ಶಕ್ತಿಯಿಂದ ಎರಗತಕ್ಕದ್ದು, ಆದರೆ ಒಂದೂವರೆ ಅಡಿ ಪಕ್ಕದಲ್ಲಿ ಬೀಳತಕ್ಕದ್ದು.

ಬುಧವಾರ ಹುಡುಗರಿಗೆ ಕಷ್ಟವಾಯಿತು. ಒಡೆಲ್ ಎರಡು ಸಲ ಮರೆತು ಡ್ಯೂಯಿಯನ್ನು ಮುಟ್ಟಿಬಿಟ್ಟು, ಶಿಕ್ಷೆಯಾಗಿ ಮೈದಾನ ಸುತ್ತಿದ. ಗುರುವಾರದ ಹೊತ್ತಿಗೆ ಎಲ್ಲರಿಗೂ ಕೈ ಕುದುರಿತು. ಡ್ಯೂಯಿ ಬಲಕ್ಕೆ ಓಡಿದರೆ ಎಡಕ್ಕೆ ಬಿದ್ದರು, ಎಡಕ್ಕೆ ಓಡಿದರೆ ಬಲಕ್ಕೆ ಬಿದ್ದರು. ಸಂಜೆಯ ಹೊತ್ತಿಗೆ ಹಳದಿಯವರು ಐವತ್ತಾರು, ಕೆಂಪಿನವರು ಸೊನ್ನೆ. ಮುಖ್ಯ ಕೋಚ್ ಟಲ್ಮಜ್ ಪತ್ರಕರ್ತರ ಮುಂದೆ, “ಪೈನಿಯವ್ರ ಆಟದ ಮುಂದೆ ನಮ್ಮವ್ರಿಗೆ ನಿಲ್ಲೋಕೇ ಆಗ್ತಿಲ್ಲ,” ಎಂದರು. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ವಾರ ಇದೇ ಮಾತು ಹೇಳುತ್ತಿದ್ದ ಅವರಿಗೆ, ಅದು ನಿಜವೂ ಆಗಿದ್ದು ಆವತ್ತೇ ಮೊದಲು.

ಶುಕ್ರವಾರ ಲೋವರ್ ಪೈನಿಯ ಬಸ್ಸು ಬಂತು. ದೈತ್ಯ ಪ್ರತಿಭೆಯನ್ನು ಇಬ್ಬರು ಹೆಗಲು ಕೊಟ್ಟು ಇಳಿಸಿದರು. ದಾರಿಯ ಪೆಟ್ರೋಲ್ ಬಂಕಿನಲ್ಲಿ ತಿಂದ ಮೊಟ್ಟೆ ಸ್ಯಾಂಡ್‌ವಿಚ್ಚು ಅವನನ್ನು ಹಿಂಡಿಹಾಕಿತ್ತು. ಅವನ ಬದಲಿಯವನು ಮದುವೆಯಾಗಲು ಊರಿಗೆ ಹೋಗಿದ್ದ. ಗ್ರ್ಯಾಂಟ್‌ಫೋರ್ಡಿನಲ್ಲಿ ತುರ್ತು ಸಭೆ ಸೇರಿತು.

“ಕ್ವಾರ್ಟರ್‌ಬ್ಯಾಕ್ ಇಲ್ದೆ ಅವ್ರು ಬಂದ್ರೆ ನಾವು ಕೊಟ್ಟಿರೋ ಹನ್ನೊಂದು ಹೇಳಿಕೆ ಸುಳ್ಳಾಗುತ್ತೆ,” ಎಂದರು ಪಿಕರ್ಡ್. “ವಿಶ್ವವಿದ್ಯಾಲಯ ಸುಳ್ಳು ಹೇಳಿದ ಹಾಗಾಗುತ್ತೆ.”

ಲೀಗಿನ ನಿಯಮಾವಳಿ ತೆರೆದು ನೋಡಲಾಯಿತು. ಅತಿಥಿ ತಂಡಕ್ಕೆ ಐಸ್, ಟವೆಲ್ ಹಾಗೂ ಇತರೆ ಅಗತ್ಯ ಸಾಮಗ್ರಿಗಳನ್ನು ಆತಿಥೇಯರು ಒದಗಿಸತಕ್ಕದ್ದು ಎಂದಿತ್ತು. ಕ್ವಾರ್ಟರ್‌ಬ್ಯಾಕ್ ಅಗತ್ಯವಲ್ಲವೆಂದು ಸಭೆಯಲ್ಲಿ ಯಾರೂ ವಾದಿಸಲಿಲ್ಲ. ವಾರವಿಡೀ ಹಳದಿ ಅಂಗಿಯಲ್ಲಿ ಆಡಿದ ಡ್ಯೂಯಿಯನ್ನೇ ಒದಗಿಸುವುದೆಂದು ತೀರ್ಮಾನವಾಯಿತು. ಉಗ್ರಾಣದ ಮುದುಕ ಹೋಯ್ಟ್ ಚೀಟಿ ಬರೆದ: ಐಸ್ ಇಪ್ಪತ್ತು ಚೀಲ, ಟವೆಲ್ ನೂರೈವತ್ತು, ಕ್ವಾರ್ಟರ್‌ಬ್ಯಾಕ್ ಒಂದು, ವಾಪಸು ಕೊಡತಕ್ಕದ್ದು.

“ಇಲ್ಲಿ ಸಹಿ ಹಾಕು ಮರಿ,” ಎಂದ ಹೋಯ್ಟ್.

“ನಾನ್ಯಾಕೆ ಹಾಕ್ಲಿ ತಾತ? ಟವೆಲ್‌ಗಳೇನು ಸಹಿ ಹಾಕಿದ್ವಾ?” ಎಂದು ಸಿಡುಕಿ ಡ್ಯೂಯಿ ನೇರ ಕೋಚ್ ಕೋಣೆಗೆ ಹೋದ. “ಸರ್, ನಾಳೆ ನಮ್ಮಮ್ಮ ಬರ್ತಿದಾರೆ.”

“ಬರ್ಲಿ ಬಿಡೋ! ನಲವತ್ತು ಪಾಯಿಂಟ್ ಆಗ್ಲಿ ಅಂತ ಕಾಯೋ ಗೋಳೇ ಇಲ್ಲ. ಮೊದಲ್ನೇ ನಿಮಿಷದಿಂದ ನೋಡ್ಬಹುದು.”

“ಕೆಂಪು ಅಂಗೀಲಿ ನೋಡ್ಬೇಕು ಅಂತ ಅವ್ರ ಆಸೆ.”

“ಲೋ ಹ್ಯಾಸ್ಕೆಟ್, ಅಂಗೀಲೇನಿದೆ? ಮನಸ್ಸು ಕೆಂಪಾಗಿರ್ಲಿ.”

ಡ್ಯೂಯಿಗೆ ಅಳು ಬಂತು. ಉಗ್ರಾಣಕ್ಕೆ ಹೋಗಿ ಹತ್ತನೇ ನಂಬರಿನ ಹಳದಿ ಅಂಗಿ ತೆಗೆದುಕೊಂಡ.

ಶನಿವಾರ ಎಪ್ಪತ್ತು ಸಾವಿರ ಜನ ಕೆಂಪು ತೊಟ್ಟು ಸೇರಿದ್ದರು. ನಾಲ್ಕಾರು ಸಲ ಮರ್ಯಾದೆಯಾಗಿ ಬಿದ್ದು ಮನೆಗೆ ಹೋಗೋಣವೆಂದು ಡ್ಯೂಯಿ ನಿಶ್ಚಯಿಸಿದ್ದ. ಮೊದಲ ಸಲ ಚೆಂಡು ಕೈಗೆ ಬಂದಾಗ ಒಡೆಲ್ ಗುಡ್ಡ ಕುಸಿದ ಹಾಗೆ ನುಗ್ಗಿ ಬಂದ. ಡ್ಯೂಯಿ ಕಣ್ಣು ಮುಚ್ಚಿಕೊಂಡ. ಧಡ್ ಎಂದು ಸದ್ದಾಯಿತು. ಕಣ್ಣು ಬಿಟ್ಟರೆ ಒಡೆಲ್ ಒಂದೂವರೆ ಅಡಿ ಪಕ್ಕದಲ್ಲಿ ಮಲಗಿದ್ದ.

“ಏನೋ ಇದು? ಕೆಡವೋ ನನ್ನ!” ಎಂದ ಡ್ಯೂಯಿ.

“ಆಗ್ತಿಲ್ಲ ಕಣೋ! ಹಳದಿ ಕಂಡ್ರೆ ಮೈ ತಾನಾಗೇ ಪಕ್ಕಕ್ಕೆ ಹೋಗುತ್ತೆ!”

ನಿಂತು ಮಾಡುವುದೇನು? ಡ್ಯೂಯಿ ಓಡಿದ. ಅವನ ಎಡಕ್ಕೂ ಬಲಕ್ಕೂ ರಾಜ್ಯದ ಅತ್ಯುತ್ತಮ ಆಟಗಾರರು ಶಿಸ್ತಿನಿಂದ ನೆಲ ಕಚ್ಚಿದರು. ಅವನು ಕೊನೆಯ ಗೆರೆ ದಾಟಿ ಪಾಯಿಂಟ್ ಗಳಿಸಿದಾಗ ಎಪ್ಪತ್ತು ಸಾವಿರ ಜನ ಗಪ್‌ಚಿಪ್. ಒಬ್ಬಳು ಮಾತ್ರ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಳು.

“ನೀವು ಯಾರ ಕಡೇರಮ್ಮ?” ಎಂದು ಪಕ್ಕದವನು ಗದರಿದ.

“ಹತ್ತನೇ ನಂಬರ್ ಕಡೆ. ಕೂತ್ಕೊಳ್ಳೋ ಸುಮ್ನೆ!” ಎಂದಳು ಲೊರೀನ್.

ವಿರಾಮದಲ್ಲಿ ಟಲ್ಮಜ್ ಏಳನೆಯ ನಿಯಮವನ್ನು ತಕ್ಷಣ ರದ್ದು ಮಾಡಬೇಕೆಂದು ಕೇಳಿದರು. ರದ್ದತಿಗೆ ಮೂರು ಕೆಲಸದ ದಿನ ಬೇಕು, ಶನಿವಾರ ಕೆಲಸದ ದಿನವಲ್ಲ ಎಂದು ಪಿಕರ್ಡ್ ವಿಷಾದಿಸಿದರು. ಲೋವರ್ ಪೈನಿ ಮೂವತ್ತೈದು, ಗ್ರ್ಯಾಂಟ್‌ಫೋರ್ಡ್ ಮೂವತ್ತೊಂದು ಎಂಬಲ್ಲಿಗೆ ಪಂದ್ಯ ಮುಗಿಯಿತು.

ಭಾನುವಾರ ಬೆಳಿಗ್ಗೆ ಕೋಚಿನ ರಾಜೀನಾಮೆ ಕೇಳಲು ಎರಡು ಸಾವಿರ ಅಭಿಮಾನಿಗಳು ನೆರೆದರು. ವಿಶ್ವವಿದ್ಯಾಲಯವು ಅವರಿಗೆ ಸೋಮವಾರದ ಸುತ್ತೋಲೆಯ ಪ್ರತಿಗಳನ್ನು ಹಂಚಿತು. ಪಂದ್ಯ ಅಪಾಯಕಾರಿ ಎಂದು ಐದು ದಿನ ಮೊದಲೇ ತಿಳಿಸಲಾಗಿತ್ತು, ಒಂದಕ್ಷರವೂ ಸುಳ್ಳಾಗಿರಲಿಲ್ಲ. ಇಂಥ ದೂರದೃಷ್ಟಿಯನ್ನು ಅನುಮಾನಿಸಿದ್ದಕ್ಕೆ ಅಭಿಮಾನಿಗಳು ನಾಚಿಕೊಂಡು ಮನೆಗೆ ಹೋದರು. ಟಲ್ಮಜ್ ಅವರ ಸೇವಾವಧಿಯನ್ನು ನಾಲ್ಕು ವರ್ಷ ವಿಸ್ತರಿಸಲಾಯಿತು. ಗೌರವ ಕಚೇರಿಗೆ ಇನ್ನೂ ಹದಿಮೂರು ಹುದ್ದೆ ಮಂಜೂರಾದವು.

ಸೋಮವಾರ ಹೋಯ್ಟ್ ಚೀಟಿ ತಾಳೆ ನೋಡಿದ. ಟವೆಲ್ ಹನ್ನೊಂದು ಕಡಿಮೆ ಬಿದ್ದಿದ್ದವು, ಕ್ವಾರ್ಟರ್‌ಬ್ಯಾಕ್ ಸುಸ್ಥಿತಿಯಲ್ಲಿ ಬಂದಿದ್ದ. ಡ್ಯೂಯಿ ಧೈರ್ಯ ಮಾಡಿ ಕೋಚ್ ಕೋಣೆಯ ಬಾಗಿಲು ತಟ್ಟಿದ. ಪರ ಊರಿನಲ್ಲಿ ಇನ್ನೊಂದೇ ಪಂದ್ಯ ಉಳಿದಿತ್ತು.

“ಸರ್, ಒಂದ್ನಿಮಿಷ ಆದ್ರೂ ಕೆಂಪು ಅಂಗೀಲಿ ಆಡಿಸಿ.”

ಟಲ್ಮಜ್ ಎದ್ದು ಬಂದು ಅವನ ಹೆಗಲ ಮೇಲೆ ಕೈ ಇಟ್ಟರು. “ನೋಡು ಮಗ, ನೀನು ನಮ್ಮನ್ನ ಸೋಲಿಸ್ದೆ, ಇಲ್ಲ ಅನ್ನಲ್ಲ. ಆದ್ರೆ ನಮ್ಮ ತಂಡದಲ್ಲಿ ಆಡೋಕೆ ಅಷ್ಟು ಸಾಲಲ್ಲ. ನಮ್ಮ ಮಟ್ಟ ಬೇರೆ. ನಮ್ಮ ಕ್ವಾರ್ಟರ್‌ಬ್ಯಾಕ್‌ನ ನೋಡು.”

“ಅವ್ನು ಸೋತ್ನಲ್ಲ ಸರ್!”

“ಸೋತಿದ್ದು ಯಾರ ಮುಂದೆ? ದೈತ್ಯ ಪ್ರತಿಭೆ ಮುಂದೆ. ನಿನ್ನನ್ನ ಅವನಿಗೆ ಹೋಲಿಸ್ಕೋತೀಯಾ?”

ಡ್ಯೂಯಿ ಬಹಳ ಹೊತ್ತು ಯೋಚಿಸಿದ. ಮಾತಿನಲ್ಲಿ ಎಲ್ಲೂ ತಪ್ಪು ಸಿಗಲಿಲ್ಲ. ಹೊರಗೆ ಬಂದು ತಾಯಿಗೆ ಫೋನ್ ಮಾಡಿದ.

“ಆಡಿಸ್ತಾರಂತಾ?” ಎಂದು ಅವಳು ಕೇಳಿದಳು. ಹಿಂದೆ ಎಣ್ಣೆ ಚುರುಗುಟ್ಟುತ್ತಿತ್ತು.

“ಇಲ್ಲ ಅಮ್ಮ. ನಾನಿನ್ನೂ ಆ ಮಟ್ಟಕ್ಕೆ ಬಂದಿಲ್ವಂತೆ.”

ಲೊರೀನ್ ಬಾಣಲೆಯ ಮೀನು ಮಗುಚಿ ಹಾಕಿದಳು. ಆಮೇಲೆ, “ನಂಗೂ ಹಾಗೇ ಅನ್ನಿಸ್ತು ಮಗನೇ,” ಎಂದಳು. “ಆ ಕೆಂಪು ಅಂಗಿಯವ್ರು ಎಷ್ಟು ಚೆಂದ ಬೀಳ್ತಿದ್ರು, ಎಲ್ರೂ ಒಟ್ಟಿಗೆ. ಅದೆಲ್ಲ ನಿಂಗೆಲ್ಲಿ ಬರುತ್ತೆ?”

“ಹೌದಮ್ಮ,” ಎಂದು ಡ್ಯೂಯಿ ಒಪ್ಪಿಕೊಂಡ. ಮುಂದಿನ ವಾರದ ಎದುರಾಳಿಗಳದ್ದು ನೇರಳೆ ಬಣ್ಣ. ಅವನು ನೇರಳೆ ಅಂಗಿ ತೊಟ್ಟುಕೊಂಡು ಅಭ್ಯಾಸಕ್ಕೆ ಹೋದ.