ಗ್ರೀನ್‌ಹೌಸ್ ಅಂದರೆ ಯಾರ ಮನೆ?

ಒಂದು ಶಬ್ದದ ಹುಟ್ಟು ತಿಳಿದವನಿಗೆ ಅದನ್ನು ಬಿಡಿಸಿ ಹೇಳದೆ ಉಂಡ ಅನ್ನ ಅರಗುವುದಿಲ್ಲ. ಕೇಳಿದವರು ಸುಮ್ಮನೆ ಹೋಗುವುದೂ ಇಲ್ಲ. ಎಂಬತ್ತರ ದಶಕದಲ್ಲಿ ಹುನಗುಂದದ ಒಂದು ಸಸಿತೋಟದಲ್ಲಿ ನೌಕರಿಗಿದ್ದೆ. ಸಸಿ ಬೆಳೆಸಲು ಅಲ್ಲೊಂದು ಗಾಜಿನ ಮನೆ, ಹೆಸರು ಗ್ರೀನ್‌ಹೌಸ್. ಆ ಹೆಸರಿನ ಅರ್ಥ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಸುತ್ತಲ ತಾಲೂಕಿನಲ್ಲಿ ಇರಲಿಲ್ಲ. ಈಗಲೂ ಇಲ್ಲ.

ಬಣ್ಣ

ಗಾಜು ಕೂರಿಸಿದ ಕಬ್ಬಿಣದ ಪಟ್ಟಿಗಳಿಗೆ ಬಣ್ಣ ಹಚ್ಚಲು ಬಾಗಲಕೋಟೆಯಿಂದ ಪೇಂಟರ್ ಬಂದ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಒಂದು ಕಡೆಯ ಗಾಜಿಗೆಲ್ಲ ಹಸಿರು ಬಳಿದಿದ್ದ.

“ಗಾಜಿಗ್ಯಾಕ ಹಚ್ಚಿದ್ಯೋ ಮಾರಾಯಾ?”

“ಗ್ರೀನ್ ಹೌಸ್ ಅಂದ್ರಲ್ರಿ ಸಾಹೇಬ್ರ!”

ಕೂರಿಸಿಕೊಂಡು ಹೇಳಿದೆ: “ಇಂಗ್ಲಂಡಿನ್ಯಾಗ ಥಂಡಿ ಬಂದ್ರ ಗಿಡದ ಎಲಿ ಉದುರ್ತಾವ. ಎಲಿ ಉದುರಲಾರದ ನಾಜೂಕ ಗಿಡಕ್ಕ ಅವರು ‘ಗ್ರೀನ್ಸ್’ ಅಂತಿದ್ರು. ಅವನ್ನ ಥಂಡಿಯಾಗ ಕಾಯೂ ಮನಿ ಗ್ರೀನ್‌ಹೌಸ್. ಹಸಿರು ಒಳಗಿದ್ದವರದು, ಗ್ವಾಡೀದಲ್ಲ.”

“ಅಂದ್ರ ಒಳಗಿದ್ದವ್ರ ಹೆಸರ ಮನಿಗೆ! ಅದಕ್ಕ ನೋಡ್ರಿ, ಓಣ್ಯಾಗ ಎಲ್ಲಾರೂ ನಮ್ಮ ಮನಿಗೆ ನನ್ನ ಹೆಂಡ್ತಿ ಹೆಸರ ಹೇಳ್ತಾರ. ನಾ ಬರೇ ಬಣ್ಣಾ ಹಚ್ಚಾಂವ.”

ಕಾವು

ಉರಿಬಿಸಿಲಲ್ಲಿ ಬಾದಾಮಿಯ ಅಜ್ಜಿಯೊಬ್ಬಳು ಸಸಿ ಒಯ್ಯಲು ಬಂದಳು. ಆಕೆಗೂ ಹೇಳಿದೆ: “ಬಿಸಲಿನ ಕಾವು ಇದರೊಳಗ ಬರತೈತಬೇ, ಹೊರಗ ಹೋಗಂಗಿಲ್ಲ.”

“ತಮ್ಮಾ, ಬಾದಾಮ್ಯಾಗ ಅದನ್ನ ದೇವರು ಪುಕ್ಕಟೆ ಮಾಡ್ಯಾನ. ಥಂಡಿ ಹಿಡಿದಿಡೂ ಮನಿ ಕಟ್ಟಿದ ದಿವಸ ಹೇಳಿ ಕಳಸು. ಸಸಿ ತಗದು ನಾನ ಕುಂದರ್ತೇನಿ!”

ಹೆಣ್ಣು

ಇಳಕಲ್ಲಿನ ನೇಕಾರರ ಹುಡುಗಿಯನ್ನು ನೋಡಿ ಬಂದಿದ್ದೆ. ಮಾಡಿಕೊಂಡರೆ ಆಕೆಯನ್ನೇ ಎಂದು ಮನೆಯಲ್ಲಿ ಹೇಳಿಯೂ ಬಿಟ್ಟಿದ್ದೆ. ಆಕೆಯ ಅಪ್ಪ ಬಂದು ನನ್ನ ಮನೆ ನೋಡಿ ಹೂಂ ಅನ್ನುವುದಷ್ಟೇ ಬಾಕಿ. ಸಂಬಂಧ ತಂದವನು “ಹುಡುಗ ಯಾವಾಗ್ಲೂ ಗ್ರೀನ್‌ಹೌಸಿನ್ಯಾಗ ಇರ್ತಾನ” ಎಂದಿದ್ದನಂತೆ. ಹುಡುಗಿಯ ಅಪ್ಪ ಬಸ್ಸಿಳಿದು ನೇರ ಅಲ್ಲಿಗೇ ಬಂದರು. ನಾಲ್ಕೂ ಕಡೆ ಗಾಜು ನೋಡಿ ಮುಖ ಸಣ್ಣದಾಯಿತು.

ಹೆಸರು ತಿಳಿಯದೆ ಗೊಂದಲವಾಗಿದೆ ಅಂದುಕೊಂಡೆ. ಇಂಗ್ಲಂಡು, ಥಂಡಿ, ಎಲೆ, ಎಲ್ಲ ಬಿಡಿಸಿ ಹೇಳಿ ಕೇಳಿದೆ: “ತಿಳೀತಲ್ರಿ?”

“ಎಲ್ಲಾ ತಿಳೀತ್ರಿ. ಆದ್ರ ನನ್ನ ಮಗಳು ಇದರಾಗ ಸೀರಿ ಹೆಂಗ ಉಟ್ಗೋಬೇಕು?”

ನನ್ನ ಜೀವವೇ ಹಾರಿತು. ಇದು ಸಸಿಗಳ ಮನೆ, ನನ್ನದಲ್ಲ ಎಂದು ಕೈಮುಗಿದು, ತೋಟದ ಹಿಂದಿನ ನನ್ನ ಬಾಡಿಗೆ ಕೋಣೆಗೆ ಕರೆದೊಯ್ದೆ. ದಪ್ಪ ಮಣ್ಣಿನ ಗೋಡೆ, ಹಗಲಲ್ಲೂ ಕಂದೀಲು ಬೇಕು. ಸಂಬಂಧ ಮುರಿಯಿತೆಂದೇ ತಿಳಿದೆ. ಅವರು ಗೋಡೆ ಗುದ್ದಿ ನೋಡಿದರು, ಸುತ್ತಲೂ ತಡವಿದರು, ಮುಖ ಅರಳಿತು.

“ಒಂದ ಕಿಟಕಿನೂ ಇಲ್ಲ! ಲಗ್ನ ಯಾವಾಗ ಇಟ್ಕೊಳ್ಳೂಣ್ರಿ?”