ಅಧ್ಯಕ್ಷರ ತಾಟು

ಗುಡಿಯ ಹಿಂದಿನ ಬೇವಿನ ಗಿಡದ ಬುಡದಲ್ಲಿ ಅರ್ಧ ಹೋಳಿಗೆ ಬಿದ್ದಿತ್ತು. ನಾಯಿಯೂ ಅದನ್ನು ಮೂಸಿ ಮುಂದೆ ಹೋದದ್ದನ್ನು ಚನ್ನಬಸಯ್ಯ ಕಣ್ಣಾರೆ ಕಂಡ. ಪ್ರಸಾದಕ್ಕೆ ಈ ಗತಿಯೇ ಎಂದು ಅವನ ಹೊಟ್ಟೆ ಉರಿಯಿತು.

ಶ್ರಾವಣ ತಿಂಗಳಿಡೀ ಗುಡಿಯಲ್ಲಿ ಪುರಾಣ, ಪ್ರಸಾದದ ಊಟ ನಡೆಸುವ ಸಮಿತಿಗೆ ಊರು ಅವನನ್ನು ಅಧ್ಯಕ್ಷನಾಗಿ ಆರಿಸಿದ್ದಕ್ಕೆ ಇದ್ದದ್ದು ಒಂದೇ ಕಾರಣ. ಕಿರಾಣಿ ಅಂಗಡಿಯ ಚನ್ನಬಸಯ್ಯ ಹುಟ್ಟಿದಾಗಿನಿಂದ ಯಾರಿಗೂ ಒಲ್ಲೆ ಎಂದವನಲ್ಲ. ಮಠದ ಅಜ್ಜನವರು ಮಾತ್ರ ಹಾರ ಹಾಕುವಾಗ ಕಿವಿಯಲ್ಲಿ, "ಎಲ್ಲಾರಿಗೂ ಬೇಕಾದಾಂವ ಆಗಿದ್ದು ಸಾಕು ತಮ್ಮಾ. ಇನ್ನ ಮ್ಯಾಲ ನಿನ್ನ ಮಾತಿಗಿ ಮಂದಿ ಕಿಮ್ಮತ್ತು ಕೊಡೂಹಂಗ ನಡಿ" ಎಂದಿದ್ದರು.

ಆ ಮಾತು ಹೋಳಿಗೆಯ ನೆಪದಲ್ಲಿ ಹೊರಬಂತು. ಸಂಜೆ ಚನ್ನಬಸಯ್ಯ ಮೈಕು ಹಿಡಿದು, ತಾಟಿನಲ್ಲಿ ಪ್ರಸಾದ ಬಿಟ್ಟವರು ಮರುದಿನ ಹಂಡೆ, ಕೊಪ್ಪರಿಗೆ ತಿಕ್ಕಬೇಕು ಎಂದು ಸಾರಿದ. ಮಂದಿ ಸುಮ್ಮನಿದ್ದದ್ದು ನೋಡಿ ಹುರುಪೇರಿ, "ಅಧ್ಯಕ್ಷ ಬಿಟ್ರೂ ಅಷ್ಟ" ಎಂದೂ ಸೇರಿಸಿದ. ಹಾಗೆ ಸೇರಿಸು ಎಂದು ಅವನನ್ನು ಯಾರೂ ಕೇಳಿರಲಿಲ್ಲ.

ವರ್ಷಾ ವರ್ಷ ಸೇವೆಯೆಂದು ಪಾತ್ರೆ ತಿಕ್ಕುತ್ತಿದ್ದ ಹನಮವ್ವನಿಗೆ ಮಾತ್ರ ಸ್ವರ್ಗ ಮೂರೇ ಗೇಣು. ಅಧ್ಯಕ್ಷನನ್ನು ಮನಸಾರೆ ಹರಸಿ, ಶ್ರಾವಣ ಮುಗಿಯುವ ತನಕ ಬರುವುದಿಲ್ಲ ಎಂದು ದೇವಣಗಾಂವಿನ ಮಗಳ ಮನೆಗೆ ಬಸ್ಸು ಹತ್ತಿದಳು.

ಮೊದಲು ಸಿಕ್ಕಿಬಿದ್ದವನು ಮಾಳಿಂಗ. ಅವನು ಬಡಿಸುವವರ ಮುಖಂಡ, ಮೇಲಾಗಿ ಚನ್ನಬಸಯ್ಯನ ಚಹಾದ ಜೊತೆಗಾರ. ತಾಟಿನಲ್ಲಿ ಬದನೆಕಾಯಿ ಬಿಟ್ಟಿದ್ದ. ಗೆಳೆತನ ನೋಡದೆ ಚನ್ನಬಸಯ್ಯ ಅವನ ಕೈಗೆ ಬೂದಿ, ತೆಂಗಿನ ನಾರು ಕೊಟ್ಟ. ಅಂದಿನಿಂದ ಅಂಗಡಿ ಮುಂದೆ ಹರಟೆ ಹೊಡೆಯುತ್ತಿದ್ದವರೆಲ್ಲ ಬೆಂಚು ಸಮೇತ ಅಯೂಬನ ಸೈಕಲ್ ಅಂಗಡಿಗೆ ಹೋಗಿ ಕೂತರು. ನೇಮ ಹಿಂದಕ್ಕೆ ತೆಗೆದುಕೊಳ್ಳಿ ಎಂದು ಹೆಂಡತಿ ಸಿದ್ದಲಿಂಗವ್ವ ಹೇಳಿ ನೋಡಿದಳು. ಚನ್ನಬಸಯ್ಯ ಎದೆ ಸೆಟೆಸಿಕೊಂಡೇ ಓಡಾಡಿದ. ಮಾತು ತಪ್ಪಿದರೆ ಇನ್ನು ಊರಲ್ಲಿ ತನ್ನನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಶ್ರಾವಣದ ಮೊದಲ ಸೋಮವಾರ ಬಂತು. ಊರಿಗೆಲ್ಲ ಉಪವಾಸ, ಸಂಜೆ ಪುರಾಣ ಮುಗಿದ ಮೇಲೇ ಪ್ರಸಾದ. ಬೆಳಿಗ್ಗೆಯೇ ಎದುರುಮನೆಯ ಶೇವಂತೆವ್ವ ಕರೆದು ಒಂದು ತಾಟು ಸಾಬೂದಾಣಿ ಇಟ್ಟಳು. "ಇದೇನ್ ಊಟ ಅಲ್ಲರಿ ಅಯ್ಯನವರ, ಉಪಾಸದಾಗ ತಿನ್ನೂ ಫರಾಳ." ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಮುಂದಿನ ಮನೆಯಲ್ಲಿ ಶೇಂಗಾದ ಉಂಡಿ, ಅದರಾಚೆ ಬಾಳೆಹಣ್ಣು, ಕುದಿಸಿದ ಗೆಣಸು, ಕೆನೆಹಾಲು. ಮಂದಿ ಸಿಟ್ಟು ಬಿಟ್ಟು ಇಷ್ಟು ಪ್ರೀತಿ ತೋರಿಸುವಾಗ ಮುಖ ತಿರುಗಿಸುವುದು ಹೇಗೆಂದು ಅವನು ಕರೆದಲ್ಲೆಲ್ಲ ತಿಂದ. ಕರೆದ ಪ್ರತಿ ಮನೆಗೂ ಮುಂಚೆಯೇ ಮಾಳಿಂಗ ಹೋಗಿ ಬಂದಿದ್ದು ಅವನಿಗೆ ತಿಳಿಯಲಿಲ್ಲ. ಸಂಜೆಗೆ ಉಪವಾಸದ ಚನ್ನಬಸಯ್ಯ ಜೋಳ ತುಂಬಿದ ಚೀಲದಂತೆ ಪಂಕ್ತಿಯಲ್ಲಿ ಕೂತ.

ಮಾಳಿಂಗ ಗೋಧಿ ಹುಗ್ಗಿಯ ಬಕೆಟ್ಟು ಹಿಡಿದು ನೆಟ್ಟಗೆ ಅವನೆದುರಿಗೇ ಬಂದ. ಚನ್ನಬಸಯ್ಯ ತಾಟಿಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸುರಿದ. ಮೇಲೆ ತುಪ್ಪ. ಅರ್ಧ ತಾಟು ಮುಗಿಯುವಷ್ಟರಲ್ಲಿ ಅಧ್ಯಕ್ಷರ ಕಣ್ಣಲ್ಲಿ ನೀರು ಬಂತು. ಪಕ್ಕದ ಸಾಲಿನಿಂದ ಸಿದ್ದಲಿಂಗವ್ವ, ತನ್ನ ತಾಟಿಗೆ ಸರಿಸಿಬಿಡಿ ಎಂದು ಸನ್ನೆ ಮಾಡಿದಳು. ಇಡೀ ಪಂಕ್ತಿ ಉಣ್ಣುವುದು ಬಿಟ್ಟು ಅವನನ್ನೇ ನೋಡುತ್ತಿತ್ತು.

ಚನ್ನಬಸಯ್ಯ ಎದ್ದು ನಿಂತ.

"ನಾ ಪ್ರಸಾದ ಬಿಟ್ಟೇನಿ. ತಪ್ಪು ನಂದ. ನಾಳೆ ಕೊಪ್ಪರಿಗಿ ನಾನ ತಿಕ್ತೇನಿ."

ಯಾರೂ ನಗಲಿಲ್ಲ. ಶೇವಂತೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಳಿಂಗ ಬಕೆಟ್ಟು ಕೆಳಗಿಟ್ಟು ಕೈ ಮುಗಿದ. ಮರುದಿನ ಅಧ್ಯಕ್ಷ ಧೋತರ ಎತ್ತಿ ಕಟ್ಟಿ ಕೊಪ್ಪರಿಗೆಯೊಳಗೇ ಇಳಿದು ತಿಕ್ಕಿದ. ಹೋಗಿ ಬರುವವರೆಲ್ಲ ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿದರು. ಸೊಂಟ ಹಿಡಿದರೂ ಅವನಿಗೆ ಅಂಥ ಸುಖ ಯಾವತ್ತೂ ಆಗಿರಲಿಲ್ಲ. ಅಂಗಡಿಗೆ ಹೋಗಿ ನೋಡಿದರೆ ಬೆಂಚೂ ತಿರುಗಿ ಬಂದಿತ್ತು.

ಅಂದು ಸಂಜೆ ಪಂಕ್ತಿ ಎದ್ದ ಮೇಲೆ, ನಾಳೆಯ ಪಾಳಿ ಯಾರದು ಎಂದು ಚನ್ನಬಸಯ್ಯ ತಾಟು ನೋಡುತ್ತ ಹೊರಟ. ಒಂದೊಂದೂ ಕನ್ನಡಿಯಂತೆ ಹೊಳೆಯುತ್ತಿತ್ತು. ಎರಡನೇ ಪಂಕ್ತಿಗೆ ತಾನೇ ಸವಟು ಹಿಡಿದು, ಇನ್ನೊಂಚೂರು ತಗೋರಿ ಎಂದು ಎಲ್ಲರಿಗೂ ಅಂಗಲಾಚಿದ. ಎಲ್ಲರೂ ಎರಡೂ ಕೈ ಅಡ್ಡ ಹಿಡಿದು, ಒಲ್ಲೆವು ಎಂದರು. ಮಾಳಿಂಗನಂತೂ ಬದನೆಕಾಯಿಯ ತೊಟ್ಟನ್ನೂ ಚೀಪಿ ನುಂಗಿದ.

"ಇಡೀ ಊರು ನಿಮ್ಮ ಮಾತಿಗಿ ಮರ್ಯಾದಿ ಕೊಟ್ಟೈತ್ರಿ ಅಯ್ಯನವರ" ಎಂದು ಅವನು ಹೇಳಿದ. "ಇನ್ನ ಮ್ಯಾಲ ಒಂದ ಅಗಳೂ ಯಾರೂ ಬಿಡೂದಿಲ್ಲ."

"ಹಂಗಾದ್ರ ನಾಳೆ ಕೊಪ್ಪರಿಗಿ ತಿಕ್ಕವ್ರು ಯಾರೋ?"

ಮಾಳಿಂಗ ಎರಡೂ ಕೈಯಲ್ಲಿ ಹಿಡಿದು, ಭಕ್ತಿಯಿಂದ ತಲೆ ಬಾಗಿಸಿ, ತೆಂಗಿನ ನಾರನ್ನು ಅಧ್ಯಕ್ಷರ ಕೈಗಿತ್ತ. ಶ್ರಾವಣ ಆಗಷ್ಟೇ ಶುರುವಾಗಿತ್ತು.